ದಂಡಿನಿಂದ ಮನೆಗೆ ಬಂದವನು

ನಮ್ಮ ಕನ್ನಡನಾಡಿನಲ್ಲಿ ಊರ ಬಾಗಿಲಿನಲ್ಲಾಗಲಿ ಕೆರೆಯ ಏರಿಯ ಮೇಲಾಗಲಿ ವೀರಗಲ್ಲನ್ನು ಕಾಣದ ಸೀಮೆಯು ವಿರಳ. ತುರುಗಳನ್ನು ಹೊಡೆದುಕೊಂಡು ಹೋಗುವವರೊಡನೆ ಹೋರಾಡಿ ಮಡಿದವನು ಕೆಳಗಿನ ಪಟ್ಟಿಕೆಯಲ್ಲಿ ಕಾದುತ್ತಿರುವನು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕೈಹಿಡಿದು ಕರೆದೊಯ್ಯುತ್ತಿರುವರು. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವನು. ಮಡಿದವನ ವಿಷಯದಲ್ಲಿ ನಮ್ಮ ಹಿರಿಯರು ಲೋಭವನ್ನು ತೋರಿದವರಲ್ಲ. ಆದರೆ ಅದೇ ಕಾಳಗದಲ್ಲಿ ಕಾದಿ, ತುರುಗಳನ್ನು ಬಿಡಿಸಿಕೊಂಡು, ಮೈಮೇಲಿನ ಗಾಯಗಳೊಡನೆ ಮನೆಗೆ ಮರಳಿದವನು ಮಾರನೆಯ ದಿನದಿಂದ ಹೇಗೆ ಬಾಳಿದನೆಂಬುದನ್ನು ಆ ಕಲ್ಲು ನಮಗೆ ಹೇಳುವುದಿಲ್ಲ.

ಈ ವಿಚಾರವು ಮನಸ್ಸಿಗೆ ಬರಲು ಕಾರಣವುಂಟು. ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದು ನಮಸ್ಕರಿಸಿದನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದಂಡನ್ನು ಸೇರಿದವನು. ಬೆಂಗಳೂರಿನ ಹಲಸೂರಿನಲ್ಲಿ ಕೇಂದ್ರಸ್ಥಾನವುಳ್ಳ, ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಜಿನಿಯರ್ ದಳದಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು ಹವಾಲ್ದಾರನಾಗಿ ನಿವೃತ್ತನಾಗಿದ್ದಾನೆ. ಶಾಲೆಯಲ್ಲಿ ಅವನು ಎಂದೂ ಮುಂದಿದ್ದವನಲ್ಲ. ವಿಭಕ್ತಿ ಪ್ರತ್ಯಯಗಳನ್ನು ಕಂಡರೆ ಹುಲಿಯನ್ನು ಕಂಡಂತೆ ಬೆದರುತ್ತಿದ್ದನು. ಆದುದರಿಂದಲೇ ಈಗ ನನ್ನ ಬಳಿಗೆ ಬಂದದ್ದು. ಸಮೀಪದ ಒಂದು ಸಹಕಾರ ಸಂಘದಲ್ಲಿ ಉಗ್ರಾಣವನ್ನು ನೋಡಿಕೊಳ್ಳುವವನು ಬೇಕಾಗಿದೆಯೆಂದೂ, ಅದಕ್ಕೊಂದು ಅರ್ಜಿಯನ್ನು ಬರೆದುಕೊಡಬೇಕೆಂದೂ ಕೇಳಿದನು. ಬಂಧುಗಳು ಆಗಲೇ ಬೆಂಗಳೂರಿನ ಒಂದು ದೊಡ್ಡ ವಸತಿ ಕಟ್ಟಡದಲ್ಲಿ ಕಾವಲಿನ ಕೆಲಸವನ್ನು ಗೊತ್ತುಮಾಡಿದ್ದರಂತೆ. ತುಪಾಕಿ ಹಿಡಿದ ಕೈಗೆ ಬಾಗಿಲು ಕಾಯುವುದಲ್ಲದೆ ಇನ್ನೇನು ಒಪ್ಪೀತೆಂದು ಅವನ ಸೋದರಮಾವನ ಅಭಿಪ್ರಾಯ.

"ನಿನಗೆ ಏನೇನು ಬರುತ್ತದೆಯೋ ಹೇಳಪ್ಪ, ಬರೆಯುತ್ತೇನೆ" ಎಂದೆನು.

"ಏನು ಬರುತ್ತದೆ ಮೇಷ್ಟ್ರೇ? ಹೇಳಿದ ಕೆಲಸ ಮಾಡುವುದು ಬರುತ್ತದೆ" ಎಂದು ತಲೆ ತಗ್ಗಿಸಿದನು.

ಕಾವಲಿನ ಕೆಲಸವು ಹೀನವೆಂದು ನಾನು ಹೇಳುವವನಲ್ಲ. ರಾತ್ರಿ ನಾವು ನಿದ್ರಿಸುವುದು ಎಚ್ಚರವಾಗಿರುವವನೊಬ್ಬನ ದಯೆಯಿಂದ. ಆದರೆ ಇಪ್ಪತ್ತನಾಲ್ಕು ವರ್ಷಗಳ ಶಿಕ್ಷಣದಲ್ಲಿ ನಮಗೆ ಕಾಣಿಸಿದ್ದು ತುಪಾಕಿಯೊಂದೇ ಎಂಬುದು ವಿಚಾರ ಮಾಡತಕ್ಕ ಸಂಗತಿ. ಊರಿನಲ್ಲಿ ಅವನನ್ನು ನೆನೆಯುವವರೂ ಕ್ಯಾಂಟೀನಿನ ಸೀಸೆಗಾಗಿ ನೆನೆಯುವವರೇ ಹೆಚ್ಚು. ಇದನ್ನು ಅವನೇ ನಕ್ಕು ಹೇಳಿದನು. ನಗುವಿನಲ್ಲಿ ಸ್ವಲ್ಪ ಕಹಿಯಿತ್ತು.

ಅರ್ಜಿಗಾಗಿ ನಾನು ಒಂದೊಂದಾಗಿ ಪ್ರಶ್ನೆಗಳನ್ನು ಹಾಕುತ್ತಾ ಹೋದೆನು. ನಲವತ್ತು ವರ್ಷ ಪ್ರಶ್ನೆ ಕೇಳಿಯೇ ಬದುಕಿದ ನಾಲಗೆಯಲ್ಲವೆ? ಆಗ ಹೊರಟ ಉತ್ತರಗಳನ್ನು ಕೇಳಿ ನನಗೇ ಸೋಜಿಗವಾಯಿತು. ಐದು ವರ್ಷ ಅವನ ವಶದಲ್ಲಿ ತುಕಡಿಯ ಸಾಮಾನಿನ ಉಗ್ರಾಣವಿದ್ದಿತು: ಗುದ್ದಲಿ, ಹಾರೆ, ಹಗ್ಗ, ಪಂಪು, ಕೊಳವೆ, ಮೊಳೆ, ಎಲ್ಲ ಸೇರಿ ನೂರಾರು ಬಗೆ. ಒಬ್ಬನಿಂದ ಇನ್ನೊಬ್ಬನಿಗೆ ವಹಿಸಿಕೊಡುವ ದಿನ ಇಬ್ಬರೂ ಕುಳಿತು ಒಂದೊಂದನ್ನೂ ಎಣಿಸಿ, ಮುರಿದದ್ದನ್ನು ಮುರಿದದ್ದೆಂದು ಬರೆದು, ಇಬ್ಬರೂ ರುಜು ಹಾಕಬೇಕು. ಆಮೇಲೆ ಕಡಮೆಯಾದರೆ ಅದು ಯಾರ ಹೊಣೆಯೆಂಬುದರಲ್ಲಿ ವಾದವಿಲ್ಲ. ಲಡಾಖಿನ ಚಳಿಗಾಲದಲ್ಲಿ ಅವನು ನೀರಿನ ಪಂಪನ್ನು ನೋಡಿಕೊಂಡದ್ದುಂಟು. ಸಂಜೆ ಯಂತ್ರದಲ್ಲಿಯೂ ಕೊಳವೆಯಲ್ಲಿಯೂ ಉಳಿದ ನೀರನ್ನು ಹನಿಯಿಲ್ಲದಂತೆ ಬಸಿಯದಿದ್ದರೆ ರಾತ್ರಿ ಅದು ಹೆಪ್ಪುಗಟ್ಟಿ ಹಿಗ್ಗಿ ಲೋಹವನ್ನೇ ಸೀಳಿಬಿಡುವುದು. ದಣಿದ ದಿನವೆಂದು ಒಮ್ಮೆ ಬಿಟ್ಟರೆ ಬೆಳಗ್ಗೆ ಇಡೀ ತುಕಡಿಗೆ ಕುಡಿಯಲು ನೀರಿಲ್ಲ. "ಒಂದು ದಿನವೂ ಬಿಡಲಿಲ್ಲವೋ?" ಎಂದು ಕೇಳಿದೆನು. ಪ್ರಶ್ನೆಯೇ ಅವನಿಗೆ ಅರ್ಥವಾಗಲಿಲ್ಲ.

ಬೈಲಿ ಸೇತುವೆಯ ಹೆಸರನ್ನು ವಾಚಕರು ಕೇಳಿರಬಹುದು. 2024ರ ಜುಲೈ ಕೊನೆಯಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದು ಹೊಳೆಯ ಆಚೆಯ ಊರಿಗೆ ದಾರಿಯೇ ಇಲ್ಲದಂತಾದಾಗ, ಇದೇ ಮದ್ರಾಸ್ ಎಂಜಿನಿಯರ್ ದಳದವರು 190 ಅಡಿ ಉದ್ದದ ಸೇತುವೆಯನ್ನು ರಾತ್ರಿಹಗಲು ಜೋಡಿಸಿ ಆಗಸ್ಟ್ 1ರ ಸಂಜೆಗೆ ಮುಗಿಸಿಕೊಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಬೈಲಿ ಎಂಬವನು ರೂಪಿಸಿದ ಈ ಸೇತುವೆಯ ಜಾಣತನವೆಲ್ಲ ಅದರ ಉಕ್ಕಿನ ಚೌಕಟ್ಟಿನಲ್ಲಿದೆ. ಒಂದೊಂದು ಚೌಕಟ್ಟೂ ಆರು ಮಂದಿ ಹೊರಬಹುದಾದಷ್ಟೇ ಭಾರ, ಸುಮಾರು 260 ಕಿಲೋ. ಯಂತ್ರವಿಲ್ಲದ ಸ್ಥಳದಲ್ಲಿಯೂ ಕೈಯಿಂದಲೇ ಹೊತ್ತು, ಒಂದಕ್ಕೊಂದು ಕೊಂಡಿ ಹಾಕಿ, ಈ ದಡದಿಂದ ಆ ದಡಕ್ಕೆ ನೂಕುತ್ತ ಹೋಗುವರು. "ಆರರಲ್ಲಿ ಒಬ್ಬ ಕೈಬಿಟ್ಟರೆ ಐವರ ಕಾಲು ಹೋಗುತ್ತದೆ ಮೇಷ್ಟ್ರೇ. ಎತ್ತುವಾಗಲೂ ಇಳಿಸುವಾಗಲೂ ಒಬ್ಬನ ಕೂಗಿಗೆ ಆರೂ ಜನ. ಕೈ ಸೋತರೆ ಸೋತಿತೆಂದು ಮೊದಲೇ ಹೇಳಬೇಕು, ನಾಚಿಕೊಂಡು ಸುಮ್ಮನಿದ್ದವನೇ ಅಪಾಯಗಾರ" ಎಂದನು. ಸೋತಿತೆಂದು ಸಕಾಲದಲ್ಲಿ ಹೇಳುವುದೂ ಶೌರ್ಯದ ಒಂದು ಭಾಗವೆಂಬುದನ್ನು ನಾನು ಯಾವ ಕಾವ್ಯದಲ್ಲಿಯೂ ಓದಿರಲಿಲ್ಲ.

ಮೈಸೂರಿನ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ದೊರೆತ ಪ್ರತಿಯಿಂದ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ನನ್ನ ಮೇಜಿನ ಮೇಲೆ ಯಾವಾಗಲೂ ಇರುವುದು. ರಾಜಕಾರ್ಯದಲ್ಲಿ ಮಡಿದವರ ಹೆಂಡಿರುಮಕ್ಕಳಿಗೆ ಅನ್ನವನ್ನೂ ವೇತನವನ್ನೂ ಕೊಡಬೇಕೆಂದು ಅಲ್ಲಿ ವಿಧಿಯಿದೆ. ಅದಕ್ಕಿಂತಲೂ ನನಗೆ ಪ್ರಿಯವಾದದ್ದು ಅಲ್ಲಿಯ ವಿನಯವೆಂಬ ಶಬ್ದ. ಕನ್ನಡದಲ್ಲಿ ನಾವು ವಿನಯವೆಂದರೆ ತಗ್ಗಿ ನಡೆಯುವುದೆಂದಷ್ಟೇ ತಿಳಿಯುತ್ತೇವೆ. ಕೌಟಿಲ್ಯನಿಗಾದರೋ ಅದು ಶಿಕ್ಷಣ, ಪಳಗಿಸುವಿಕೆ. ಕೆಲವರಿಗೆ ಅದು ಹುಟ್ಟಿನಿಂದ ಬರುವುದು, ಉಳಿದವರಿಗೆ ಅಭ್ಯಾಸದಿಂದ ಬರುವುದೆಂದು ಅವನು ವಿಭಾಗಿಸುತ್ತಾನೆ. ನನ್ನ ಶಿಷ್ಯನಿಗೆ ಅದು ಹುಟ್ಟಿನಿಂದ ಬಂದದ್ದಲ್ಲವೆಂದು ನಾನೇ ಸಾಕ್ಷಿ ಹೇಳಬಲ್ಲೆ. ಪಂಪಿನ ನೀರನ್ನು ದಿನವೂ ಬಸಿದು ಬಸಿದು ಬಂದದ್ದು. ಹೀಗೆ ಬಂದದ್ದು ಸಮವಸ್ತ್ರದೊಡನೆ ಕಳಚಿಹೋಗತಕ್ಕದ್ದಲ್ಲ.

ಇದಕ್ಕೆ ಒಂದು ಬೆಟ್ಟವೇ ನಿದರ್ಶನವಾಗಿದೆ. ಹಿಮಾಲಯದ ಅಡಿಯಲ್ಲಿ ಡೆಹ್ರಾಡೂನಿಗೂ ಮಸ್ಸೂರಿಗೂ ನಡುವಿನ ಬೆಟ್ಟಗಳನ್ನು ಸುಣ್ಣದ ಕಲ್ಲಿಗಾಗಿ ವರ್ಷಗಟ್ಟಲೆ ಅಗೆದು ಬರಿದುಮಾಡಿದ್ದರು. ಮರಗಳು ಹೋದುವು; ಒರತೆಗಳು ಬತ್ತಿದುವು; ಮಳೆಗಾಲದಲ್ಲಿ ಕಲ್ಲುಮಣ್ಣು ಕಣಿವೆಯ ಹೊಲಗಳಿಗೆ ಇಳಿಯತೊಡಗಿತು. 1983ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಈ ದೂರು ಬಂದು, ಮುಂದಿನ ವರ್ಷಗಳಲ್ಲಿ ಅನೇಕ ಗಣಿಗಳು ಮುಚ್ಚಿದುವು. ಆದರೆ ನ್ಯಾಯಾಲಯದ ಆಜ್ಞೆಯಿಂದ ಗಣಿಯು ಮುಚ್ಚೀತೇ ಹೊರತು ಗಿಡವು ಹುಟ್ಟೀತೆ? ಅದಕ್ಕೆ ಮೊದಲೇ, 1982ರ ಡಿಸೆಂಬರ್ 1ರಂದು, ಗಡ್ವಾಲ್ ರೈಫಲ್ಸಿಗೆ ಸೇರಿದಂತೆ ಪ್ರಾದೇಶಿಕ ಸೇನೆಯ 127ನೆಯ ಪರಿಸರ ಪಡೆಯನ್ನು ಕಟ್ಟಿದರು. ಅದರ ಸಿಪಾಯಿಗಳು ಮುಖ್ಯವಾಗಿ ಆ ಬೆಟ್ಟಸೀಮೆಯವರೇ ಆದ ನಿವೃತ್ತ ಯೋಧರು. ಮನೆ ಸೇರಿದ್ದವರನ್ನು ಮತ್ತೆ ಕರೆದು, ಕೈಗೆ ಗುದ್ದಲಿಯನ್ನೂ ಸಸಿಯನ್ನೂ ಕೊಟ್ಟರು.

ಸಸಿಯನ್ನು ನೆಡುವುದು ಏನು ಮಹಾ ಕೆಲಸವೆಂದು ಕೆಲವರು ಅಂದುಕೊಳ್ಳಬಹುದು. ವನಮಹೋತ್ಸವವು 1950ರಿಂದ ನಡೆದು ಬರುತ್ತಿದೆ. ನಮ್ಮ ಶಾಲೆಯ ಅಂಗಳದಲ್ಲಿಯೂ ವರ್ಷವರ್ಷವೂ ನೆಟ್ಟೆವು, ಬಹುಮಟ್ಟಿಗೆ ಅದೇ ಗುಂಡಿಗಳಲ್ಲಿ. ನೆಡುವುದು ಒಂದು ದಿನದ ಉತ್ಸವ. ಉಳಿಸುವುದು ಮೂರು ವರ್ಷದ ಚಾಕರಿ. ಆ ಬೆಟ್ಟದಲ್ಲಿ ಮಳೆಗೆ ಮುಂಚೆಯೇ ಗುಂಡಿ ತೋಡಬೇಕು. ಸಸಿಮಡಿಗಳನ್ನು ತಾವೇ ಬೆಳೆಸಬೇಕು. ಮಳೆ ಹಿಡಿದೊಡನೆ ನೆಡಬೇಕು. ಜಾರುವ ಮಣ್ಣಿಗೆ ಕಲ್ಲಿನ ತಡೆ ಕಟ್ಟಬೇಕು. ಮೇಕೆಯೊಂದು ಬಾಯಿ ಹಾಕದಂತೆ ಕಾಯಬೇಕು. ಸತ್ತ ಸಸಿಯನ್ನು ಎಣಿಸಿ ಅದರ ಸ್ಥಳಕ್ಕೆ ಬೇರೊಂದನ್ನು ಇಡಬೇಕು. ನೋಡುವವರಿಲ್ಲದ ಕಡೆ, ಹೊಗಳುವವರಿಲ್ಲದ ದಿನ, ನಿನ್ನೆಯ ಕೆಲಸವನ್ನೇ ಇಂದೂ ಮಾಡುವುದು: ಇದು ಸಿಪಾಯಿಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಆ ಬೆಟ್ಟಗಳ ಮೇಲೆ ಹಸಿರು ಮರಳಿ ಬಂದಿತು. ಇದರ ಮರುವರ್ಷವೇ ರಾಜಸ್ಥಾನದ ಮರಳುಗಾಡಿನಲ್ಲಿ ಇಂದಿರಾಗಾಂಧಿ ಕಾಲುವೆಯ ಸೀಮೆಗೂ ಇಂಥದೇ ಇನ್ನೊಂದು ಪಡೆ ಹೋಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನು ಮುಚ್ಚಿಟ್ಟರೆ ವಂಚನೆಯಾದೀತು. ದಂಡಿನ ಗುಣಗಳೆಲ್ಲವೂ ಹೊಸಿಲನ್ನು ದಾಟಿ ಒಳಗೆ ಬರತಕ್ಕವಲ್ಲ. ನನ್ನ ಶಿಷ್ಯನು ಮನೆಗೆ ಬಂದ ಮೊದಲ ತಿಂಗಳಲ್ಲಿ ಎಲ್ಲರನ್ನೂ ಐದು ಗಂಟೆಗೆ ಎಬ್ಬಿಸಿ, ಹಾಸಿಗೆಗಳ ಮಡಿಕೆಯನ್ನು ತಪಾಸಣೆ ಮಾಡಿ, ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಕ್ರಮದಲ್ಲಿ ಜೋಡಿಸಿದನಂತೆ. ಅವನ ಹೆಂಡತಿ ಇಪ್ಪತ್ತು ವರ್ಷ ಒಬ್ಬಳೇ ಅತ್ತೆಮಾವಂದಿರನ್ನೂ ಮಕ್ಕಳನ್ನೂ ಎರಡು ಎಕರೆ ಹೊಲವನ್ನೂ ನಡೆಸಿದವಳು. ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ, "ರೀ, ಈ ಮನೆಗೆ ಹವಾಲ್ದಾರ್ ಆಗಲೇ ಒಬ್ಬರಿದ್ದಾರೆ; ನೀವು ರಜೆ ಮುಗಿದು ಹೊಸದಾಗಿ ಸೇರಿದವರು" ಎಂದಳಂತೆ. ಸಾಸಿವೆ ಡಬ್ಬಿ ತನ್ನ ಮೊದಲಿನ ಸ್ಥಾನಕ್ಕೆ ಮರಳಿತು. ದಂಡಿನಲ್ಲಿ ಆಜ್ಞೆಯು ನಡೆಯುವುದು, ಆಜ್ಞಾಪಿಸುವವನು ಕೆಳಗಿನವರ ಊಟ ನಿದ್ರೆ ಪ್ರಾಣಗಳಿಗೆ ಹೊಣೆಗಾರನೆಂಬ ಒಪ್ಪಂದದ ಮೇಲೆ. ಮನೆಯಲ್ಲಿ ಆ ಹೊಣೆಯನ್ನು ಅಷ್ಟು ಕಾಲ ಹೊತ್ತವಳು ಬೇರೊಬ್ಬಳಾದಾಗ ಆಜ್ಞೆಗೆ ಆಧಾರವೆಲ್ಲಿ? ಸಿಪಾಯಿಯ ಮನೆಗಳಲ್ಲಿ ನಿವೃತ್ತಿಯ ನಂತರ ಉಂಟಾಗುವ ಕಲಹಗಳಲ್ಲಿ ಅನೇಕವು ಈ ಒಂದು ಸಂಗತಿಯನ್ನು ಅರಿಯದುದರಿಂದ ಹುಟ್ಟಿದವೆಂದು ನನಗೆ ತೋರುತ್ತದೆ.

ಮತ್ತೆ ಕೆಲವರು ಪಟಾಕಿಯ ಸದ್ದಿಗೆ ಬೆಚ್ಚುವರು, ರಾತ್ರಿ ನಿದ್ರೆಯಿಲ್ಲದೆ ತಿರುಗಾಡುವರು, ಮಾತಿಲ್ಲದೆ ಕುಡಿತಕ್ಕೆ ಬೀಳುವರು. ಅದು ಹೇಡಿತನವಲ್ಲ, ಮನಸ್ಸಿನ ಗಾಯ, ಔಷಧವುಂಟು, ವೈದ್ಯರಿದ್ದಾರೆ. ಮನೆಯವರು ಅದನ್ನು ಮುಚ್ಚಿಡಬಾರದು.

ಈ ವಿಷಯವು ಇನ್ನು ಕೆಲವೇ ಮನೆಗಳದಲ್ಲ. ಹಿಂದಿನ ಕ್ರಮದಲ್ಲಿ ಸಿಪಾಯಿಯು ಹದಿನೈದು ವರ್ಷವಾದರೂ ದುಡಿದು ಪಿಂಚಣಿಯೊಡನೆ ಬರುತ್ತಿದ್ದನು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷದ ಸೇವೆಯಾದ ಮೇಲೆ ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು ಮಂದಿ ಉಳಿಯುವರು. ಮಿಕ್ಕವರು ಇಡಿಗಂಟನ್ನು ತೆಗೆದುಕೊಂಡು, ಪಿಂಚಣಿಯಿಲ್ಲದೆ, ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಮನೆಗೆ ಬರತಕ್ಕವರು. ಅದು ಒಳ್ಳೆಯದೋ ಅಲ್ಲವೋ ಎಂಬ ಚರ್ಚೆಯನ್ನು ಪತ್ರಿಕೆಗಳವರು ಮಾಡಲಿ. ಬಂದ ಹುಡುಗನನ್ನು ಜಗಲಿಯ ಮೇಲೆ ಕುಳ್ಳಿರಿಸಿ ಏನು ಕೇಳಬೇಕೆಂಬುದು ನಮ್ಮ ಪಾಲಿನ ಪ್ರಶ್ನೆ. ಗೊರೂರಿನ ಗೋಪಿನಾಥರು ಎಂಟು ವರ್ಷ ಸೈನ್ಯದಲ್ಲಿದ್ದು, 1971ರ ಯುದ್ಧವನ್ನೂ ಕಂಡು, ಕ್ಯಾಪ್ಟನ್ ಪದವಿಯನ್ನು ಬಿಟ್ಟು ಬಂದಾಗ ಮೂವತ್ತು ತುಂಬಿರಲಿಲ್ಲ. ಹೇಮಾವತಿಯ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಜಾವಗಲ್ ಬಳಿ ದೊರೆತದ್ದು ಬಂಜರು. ಅಲ್ಲಿ ಗುಡಾರ ಹಾಕಿಕೊಂಡು ನೆಲವನ್ನು ಹದಮಾಡಿದರು. ರೇಷ್ಮೆ ಬೆಳೆಯಲ್ಲಿ ಅವರು ಮಾಡಿದ ಪ್ರಯೋಗಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದಿತು. ಮುಂದೆ 2003ರಲ್ಲಿ ಕಟ್ಟಿದ ಅಗ್ಗದ ವಿಮಾನ ಸಂಸ್ಥೆಯು ಹೆಚ್ಚು ಹೆಸರಾಯಿತು, ಬಹುಕಾಲ ಅವರ ಕೈಯಲ್ಲಿ ಉಳಿಯಲಿಲ್ಲ. ನನಗೆ ವಿಮಾನಕ್ಕಿಂತ ಆ ಗುಡಾರವೇ ಹೆಚ್ಚು ಅರ್ಥವತ್ತಾಗಿ ಕಾಣುತ್ತದೆ. ಗುಡಾರದಲ್ಲಿ ಇರುವುದನ್ನು ದಂಡು ಕಲಿಸಿತ್ತು.

ನಮ್ಮ ಅರ್ಜಿಯು ಎರಡು ಪುಟವಾಯಿತು. ಉಗ್ರಾಣವನ್ನು ವಹಿಸಿಕೊಂಡದ್ದು, ಲೆಕ್ಕ ಒಪ್ಪಿಸಿದ್ದು, ಪಂಪು, ಸೇತುವೆ, ಮೂವತ್ತು ಜನರ ಊಟ ವಸತಿಗಳ ವ್ಯವಸ್ಥೆ, ಎಲ್ಲವನ್ನೂ ಬರೆದು ಅವನ ಕೈಗೆ ಕೊಟ್ಟೆನು. ಓದಿಕೊಂಡು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ ನನ್ನ ಲೇಖನಿಯನ್ನು ಕೇಳಿ ತೆಗೆದುಕೊಂಡು, "ನಾನು" ಎಂದಿದ್ದ ಕಡೆಯಲ್ಲೆಲ್ಲ ಹೊಡೆದುಹಾಕಿ "ನಮ್ಮ ತುಕಡಿಯವರು" ಎಂದು ತಿದ್ದತೊಡಗಿದನು. "ಅಯ್ಯೋ, ಕೆಲಸ ಕೇಳುತ್ತಿರುವುದು ನಿನ್ನ ತುಕಡಿಯಲ್ಲವಪ್ಪ, ನೀನು" ಎಂದರೆ, "ನಾನೊಬ್ಬನೇ ಮಾಡಿದೆನೆಂದು ಸುಳ್ಳು ಹೇಗೆ ಬರೆಯಲಿ ಮೇಷ್ಟ್ರೇ?" ಎಂದನು. ಕ್ರಿಯಾಪದಗಳನ್ನೆಲ್ಲ ಬಹುವಚನಕ್ಕೆ ತಿರುಗಿಸುವ ಕೆಲಸ ನನಗೆ ಬಿದ್ದಿತು. ಬಹಳ ವಾದಮಾಡಿ ಎರಡು ಕಡೆ ಮಾತ್ರ, ಉಗ್ರಾಣದ ಲೆಕ್ಕದಲ್ಲೊಂದು ಪಂಪಿನಲ್ಲೊಂದು, "ನಾನು" ಎಂಬುದನ್ನು ಉಳಿಸಿಕೊಂಡೆನು.