ಮುಚ್ಚಿ ಮಾರಿದ ಹಣ ದಾಸೋಹಕ್ಕೆ ಸಲ್ಲದು



ಫಿನ್ಲೆಂಡಿನಲ್ಲಿ ನೆಲೆಸಿದ್ದ ಭಕ್ತರೊಬ್ಬರು ಊರಿಗೆ ಮರಳುವ ಮುನ್ನ ಮನೆಯ ಹಳೆಯ ಸೌನಾವನ್ನು ಮಾರಿ, ಬಂದ ಹಣವನ್ನು ಮಠದ ದಾಸೋಹಕ್ಕೆ ಅರ್ಪಿಸುವುದಾಗಿ ನಮ್ಮಲ್ಲಿ ಅರಿಕೆ ಮಾಡಿಕೊಂಡರು. ಸೌನಾ ಎಂದರೆ ಕಾದ ಕಲ್ಲುಗಳ ಮೇಲೆ ನೀರೆರೆದು ಮೈ ಬೆವರಿಸುವ ಮರದ ಕೋಣೆ. ಸುಮಾರು 55 ಲಕ್ಷ ಜನರಿರುವ ಆ ನಾಡಿನಲ್ಲಿ ಅಂಥವು 30 ಲಕ್ಷದಷ್ಟಿವೆ. ಕಲ್ಲುಗಳು ವರ್ಷಗಳ ಕಾವಿಗೆ ಪುಡಿಯಾಗಿ ಗಾಳಿಗೆ ಎಡೆಯಿಲ್ಲದಾದರೆ ಒಲೆಯ ವಿದ್ಯುತ್ ಸುರುಳಿ ಸುಟ್ಟುಹೋಗುವುದು. ತಮ್ಮ ಒಲೆಯಲ್ಲೂ ಕಲ್ಲು ಪುಡಿಯಾಗಿದೆ, ಕೊಳ್ಳುವವರಿಗೆ ತಿಳಿಸಲೇಬೇಕೇ ಎಂದು ಕೇಳಿದರು.

ತಿಳಿಸಿಯೇ ಮಾರಿರಿ ಎಂದೆವು. ದೋಷ ಮುಚ್ಚಿ ಪಡೆದ ಹಣ ಸತ್ಯಶುದ್ಧ ಕಾಯಕದ ಫಲವಲ್ಲ. ಅದನ್ನು ಮಠ ಮುಟ್ಟದು. ಸಂತೆಯಲ್ಲಿ ಮುದಿ ಎತ್ತಿನ ವಯಸ್ಸು ಮರೆಸಿ ಮಾರುವವರಿಗೂ ಇದೇ ಮಾತು. ಬೆಲೆ ತಗ್ಗಿದರೆ ತಗ್ಗಲಿ. ಇಷ್ಟಲಿಂಗ ಹಿಡಿಯುವ ಕೈ ಶುದ್ಧವಾಗಿರಲಿ.