ಹೊಸ ತಂತ್ರಾಂಶ ಹಳೆಯ ಲೆಕ್ಕವನ್ನು ತೆರೆಯಬಲ್ಲದೇ?

ವರ್ತಕರ ಹಾಗೂ ಸಣ್ಣ ಉದ್ಯಮಿಗಳ ಲೆಕ್ಕಪತ್ರಗಳು ಇಂದು ಬಹುಮಟ್ಟಿಗೆ ಗಣಕಯಂತ್ರದಲ್ಲಿವೆ. ಅನ್ಯರ ಕಣ್ಣಿಗೆ ಬೀಳದಂತೆ ಅವನ್ನು ಗೂಢಲಿಪಿಯಲ್ಲಿ, ಅಂದರೆ ಎನ್‌ಕ್ರಿಪ್ಟ್ ಮಾಡಿ ಇಡುವ ಪದ್ಧತಿ ಸ್ವಾಗತಾರ್ಹವೇ. ಆದರೆ ತಂತ್ರಾಂಶದ ಆವೃತ್ತಿ ಬದಲಾದಾಗ ಇದೇ ರಕ್ಷಣೆ ಮಾಲೀಕನಿಗೇ ಅಡ್ಡಿಯಾಗಬಹುದೆಂಬುದು ಬಹಳ ಮಂದಿಯ ಗಮನಕ್ಕೆ ಬಂದಿಲ್ಲ.

ದುರ್ಬಲವೆನಿಸಿದ ಹಳೆಯ ವಿಧಾನಗಳನ್ನು ತಂತ್ರಾಂಶ ತಯಾರಕರು ಕೈಬಿಡುವುದು ಸಹಜ. ಮೈಎಸ್‌ಕ್ಯೂಎಲ್ 5.7ರಲ್ಲಿದ್ದ ಡಿಇಎಸ್ ಸೌಲಭ್ಯವನ್ನು 2018ರಲ್ಲಿ ಬಿಡುಗಡೆಯಾದ 8.0 ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ಅದರಿಂದ ಮುಚ್ಚಿಟ್ಟ ಮಾಹಿತಿಯನ್ನು ಆವೃತ್ತಿ ಬದಲಿಸುವ ಮೊದಲೇ ಬಿಡಿಸಿಕೊಳ್ಳಬೇಕಿತ್ತು. ಎಸ್‌ಕ್ಯೂಎಲ್ ಸರ್ವರ್ 2017ರಲ್ಲಿ ಗುಪ್ತ ಪದಗುಚ್ಛದಿಂದ ಕೀಲಿ ರೂಪಿಸುವ ಕ್ರಮ ಶಾ-1ರಿಂದ ಶಾ-2ಕ್ಕೆ ಬದಲಾಯಿತು. ಪರಿಣಾಮವಾಗಿ, ಅದೇ ಪದಗುಚ್ಛದಿಂದ ಕೀಲಿಯನ್ನು ಮತ್ತೆ ಸೃಷ್ಟಿಸಿದರೂ 2016ರ ಆವೃತ್ತಿಯ ಮಾಹಿತಿ ತೆರೆಯಲಿಲ್ಲ. ತಯಾರಕರು ಬಳಿಕ ತಿದ್ದುಪಡಿ ನೀಡಬೇಕಾಯಿತು. ಇದೇ ತಂತ್ರಾಂಶದ ಟಿಡಿಇ ವ್ಯವಸ್ಥೆಯಲ್ಲಂತೂ ಪ್ರಮಾಣಪತ್ರ ಮತ್ತು ಅದರ ಖಾಸಗಿ ಕೀಲಿ ಜೊತೆಗಿಲ್ಲದಿದ್ದರೆ, ಬ್ಯಾಕಪ್ ಇದ್ದರೂ ಹೊಸ ಯಂತ್ರದಲ್ಲಿ ಅದು ನಿರುಪಯುಕ್ತ.

ಇದು ಕೇವಲ ತಂತ್ರಜ್ಞರ ಚಿಂತೆಯಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. 2013ರ ಕಂಪನಿ ಕಾಯ್ದೆ ಕಂಪನಿಗಳಿಗೆ 8 ಹಣಕಾಸು ವರ್ಷಗಳ ಅವಧಿ ವಿಧಿಸುತ್ತದೆ. ಅಷ್ಟರೊಳಗೆ ತಂತ್ರಾಂಶವೂ ಯಂತ್ರವೂ ಬದಲಾಗುವ ಸಂಭವವೇ ಹೆಚ್ಚು. ಕಡತವಿದೆ, ಆದರೆ ತೆರೆಯುತ್ತಿಲ್ಲ ಎಂಬ ಉತ್ತರದಿಂದ ತಪಾಸಣಾಧಿಕಾರಿಗೆ ಸಮಾಧಾನವಾಗದು. ಕಾನೂನಿನ ದೃಷ್ಟಿಯಲ್ಲಿ ಹೊಣೆ ವರ್ತಕನದೇ ಹೊರತು ತಂತ್ರಾಂಶ ಅಳವಡಿಸಿದವನದಲ್ಲ.

ಹಾಗೆಂದು ಹಳೆಯ ಆವೃತ್ತಿಗೇ ಅಂಟಿಕೊಳ್ಳುವುದು ಪರಿಹಾರವಲ್ಲ. ಮೈಎಸ್‌ಕ್ಯೂಎಲ್ 5.7ಕ್ಕೆ ತಯಾರಕರ ಬೆಂಬಲ 2023ರ ಅಕ್ಟೋಬರ್‌ನಲ್ಲಿಯೇ ಮುಗಿದಿದೆ. ಭದ್ರತಾ ತಿದ್ದುಪಡಿಗಳಿಲ್ಲದ ತಂತ್ರಾಂಶವನ್ನು ನೆಚ್ಚುವುದು ಇನ್ನೂ ಅಪಾಯಕರ.

ಆದ್ದರಿಂದ ವರ್ತಕ ಬಾಂಧವರು ಮೂರು ಷರತ್ತುಗಳನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ಮೊದಲನೆಯದು, ಕೀಲಿ ಹಾಗೂ ಪ್ರಮಾಣಪತ್ರಗಳ ಪ್ರತಿಯನ್ನು ಬ್ಯಾಕಪ್‌ನಿಂದ ಪ್ರತ್ಯೇಕವಾಗಿ ಮಾಲೀಕನ ವಶಕ್ಕೆ ಕೊಡತಕ್ಕದ್ದು. ಎರಡನೆಯದು, ಹಳೆಯ ಬ್ಯಾಕಪ್‌ನ ಪ್ರತಿಯೊಂದನ್ನು ಬೇರೆ ಯಂತ್ರದಲ್ಲಿ ಹೊಸ ಆವೃತ್ತಿಗೆ ತಂದು, ಹಿಂದಿನ ವರ್ಷದ ಒಂದು ಬಿಲ್ಲನ್ನಾದರೂ ತೆರೆದು ತೋರಿಸತಕ್ಕದ್ದು. ಮೂರನೆಯದು, ಈ ಪರೀಕ್ಷೆ ತೃಪ್ತಿಕರವಾಗುವವರೆಗೆ ಹಳೆಯ ವ್ಯವಸ್ಥೆಯನ್ನು ಅಳಿಸಕೂಡದು, ಅಂತಿಮ ಕಂತಿನ ಹಣವನ್ನೂ ಕೇಳಕೂಡದು. ಈ ಷರತ್ತುಗಳಿಗೆ ಒಪ್ಪದವರಿಗೆ ನಮ್ಮ ಲೆಕ್ಕಪತ್ರಗಳನ್ನು ಒಪ್ಪಿಸದಿರುವುದೇ ಲೇಸು.