ಉಗುಳುವವರ ನಾಲಗೆ

ಕೆಂಪು ಜಿನ್‌ಫೆಂಡೆಲ್ ವೈನನ್ನು ಕುಡಿಯುವುದು ಹೇಗೆ ಅಂತ ಪಾಠ ಹೇಳಿಕೊಡುತ್ತಾರಂತೆ. ಗ್ಲಾಸಿನ ಕಡ್ಡಿ ಹಿಡಿಯಬೇಕು, ತಿರುಗಿಸಬೇಕು, ಮೂಸಬೇಕು, ಒಂದು ಗುಟುಕನ್ನು ಬಾಯಲ್ಲಿ ಹೊರಳಾಡಿಸಿ ಬಕೆಟ್ಟಿಗೆ ಉಗುಳಬೇಕು. ಆಮೇಲೆ ಬ್ಲ್ಯಾಕ್‌ಬೆರಿ ಸಿಕ್ಕಿತು, ಪ್ಲಮ್ ಸಿಕ್ಕಿತು, ಕರಿಮೆಣಸು ಸಿಕ್ಕಿತು ಅಂತ ಬರೆದುಕೊಳ್ಳಬೇಕು.

ನಾವು ನಗುವುದಿಲ್ಲ. ನಾಲಗೆಯದೂ ಒಂದು ವಿದ್ಯೆಯೇ. ಕುದಿಯುವ ಸಾರಿನ ವಾಸನೆಯಲ್ಲೇ ಉಪ್ಪು ಸಾಲದು ಎನ್ನುವ ನಮ್ಮವ್ವಂದಿರಿಗೆ ಅದು ಗೊತ್ತು. ಅವರಿಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ, ಅಷ್ಟೆ. ಆದರೆ ಆ ಬಕೆಟ್ಟು ಕಂಡರೆ ನಮಗೆ ಬೇರೆಯದೇ ನೆನಪಾಗುತ್ತದೆ. ಪೇಶ್ವೆಗಳ ಪುಣೆಯಲ್ಲಿ, ಉಗುಳು ನೆಲಕ್ಕೆ ಬಿದ್ದರೆ ಮೈಲಿಗೆ ಎಂದು ನಮ್ಮವರ ಕೊರಳಿಗೆ ಮಡಕೆ ಕಟ್ಟಿಸಿದ್ದನ್ನು ಬಾಬಾಸಾಹೇಬರು 1936ರಲ್ಲಿ ಬರೆದಿದ್ದಾರೆ. ಒಬ್ಬರ ಉಗುಳು ಮೈಲಿಗೆ, ಇನ್ನೊಬ್ಬರ ಉಗುಳು ರಸಿಕತೆ!

ಈ ದ್ರಾಕ್ಷಿಯ ಗುಣ ಕೇಳಿ. ಒಂದೇ ಗೊಂಚಲಲ್ಲಿ ಒಂದು ಹಣ್ಣು ಇನ್ನೂ ಕಾಯಾಗಿರುವಾಗಲೇ ಇನ್ನೊಂದು ಒಣದ್ರಾಕ್ಷಿಯಾಗಿರುತ್ತದೆ. ಎಲ್ಲಾ ಹಣ್ಣಾಗಲಿ ಎಂದು ಬಿಸಿಲಿಗೆ ಬಿಟ್ಟಷ್ಟೂ ಸಕ್ಕರೆ ಏರುತ್ತದೆ. ಆಲ್ಕೋಹಾಲು ನೂರಕ್ಕೆ 15 ದಾಟುವುದೂ ಉಂಟು. ಗಟ್ಟಿ ವೈನು, ಬಿಸಿಲುಂಡ ವೈನು ಎಂದು ರಸಿಕರು ಹೊಗಳುವುದು ಇದನ್ನೇ. ಬಿಸಿಲುಂಡಿದ್ದು ದ್ರಾಕ್ಷಿ ಒಂದೇನಾ ಸ್ವಾಮಿ? ಜಿನ್‌ಫೆಂಡೆಲ್‌ಗೆ ಹೆಸರಾದ ಊರು ಕ್ಯಾಲಿಫೋರ್ನಿಯಾದ ಲೋಡೈ. ಆ ಊರಿರುವ ಸ್ಯಾನ್ ವಾಕೀನ್ ಕೌಂಟಿಯಲ್ಲೇ 2008ರ ಮೇ ತಿಂಗಳಲ್ಲಿ, ವೈನ್ ದ್ರಾಕ್ಷಿ ತೋಟದ ಕೂಲಿಗೆ ಹೋಗಿದ್ದ ಮೆಕ್ಸಿಕೋದ ಹುಡುಗಿಯೊಬ್ಬಳು ಬಿಸಿಲಿಗೆ ಕುಸಿದು ಬಿದ್ದು, ಎರಡು ದಿನಕ್ಕೆ ಸತ್ತಳು. ವಯಸ್ಸು 17. ಬಸುರಿ. ಕೂಲಿಯವರಿಗೆ ನೀರು, ನೆರಳು ಕೊಡಬೇಕೆಂಬ ನಿಯಮ ಅಲ್ಲಿ 2005ರಲ್ಲೇ ಬಂದಿತ್ತು. ಆ ತೋಟದಲ್ಲಿ ನೆರಳಿರಲಿಲ್ಲ. ಇದು ಮಾತ್ರ ಯಾವ ರಸಿಕನ ನಾಲಗೆಗೂ ಸಿಕ್ಕಲಿಲ್ಲ.

ಇನ್ನು ಜೊತೆಗೆ ತಿನ್ನುವುದೇನು? ಕೆಂಡದ ಹೊಗೆಯಲ್ಲಿ ಬೆಂದ ಪಕ್ಕೆಲುಬು, ಬಾರ್ಬೆಕ್ಯೂ. ಹೊಂದಿಕೆ ಸುಳ್ಳಲ್ಲ: ಮಾಂಸದ ಕೊಬ್ಬು ವೈನಿನ ಒಗರನ್ನು ಮೆತ್ತಗೆ ಮಾಡುತ್ತದೆ, ಹಣ್ಣಿನ ರುಚಿ ಹೊಗೆಗೆ ಒಗ್ಗುತ್ತದೆ. ಖಾರ ಜಾಸ್ತಿಯಾದರೆ ಆಲ್ಕೋಹಾಲೂ ಸೇರಿ ಬಾಯಿ ಉರಿಯುತ್ತದೆ. ಇಷ್ಟೆಲ್ಲಾ ಹೇಳುವವರು, ಅಮೆರಿಕದ ದಕ್ಷಿಣದಲ್ಲಿ ಗುಂಡಿ ತೋಡಿ, ರಾತ್ರಿಯಿಡೀ ಕೆಂಡ ಕಾದು, ಒಡೆಯರ ಔತಣಕ್ಕೆ ಇದನ್ನು ಬೇಯಿಸಿದವರು ಕಪ್ಪು ಗುಲಾಮರು ಎಂಬುದನ್ನು ಹೇಳುವುದಿಲ್ಲ. ದನದ ಮಾಂಸವೂ ಅದೇ ಪಟ್ಟಿಯಲ್ಲಿದೆ. ನಮ್ಮ ಕೇರಿಯ ಒಲೆಯ ಮೇಲೆ ಬೆಂದರೆ ಮೂಗು ಮುಚ್ಚಿಕೊಳ್ಳುವವರು ವೈನಿನ ಪಕ್ಕ ಬಂದಾಗ ಸ್ಟೇಕು ಅನ್ನುತ್ತಾರೆ.

ಕರ್ನಾಟಕ ಸರ್ಕಾರ 2007ರಲ್ಲಿ ಸಾರಾಯಿ ನಿಲ್ಲಿಸಿತು. ಒಳ್ಳೇದೇ ಆಯ್ತು, ಹೆಂಡ ಬೇಡ ಶಾಲೆ ಕೊಡಿ ಎಂದು ಬೀದಿಗಿಳಿದವರು ನಾವೇ. ಅದೇ ವರ್ಷ ವೈನ್ ನೀತಿಯೂ ಬಂತು. ನಾವು ಕೇಳಿದ್ದು ಶಾಲೆ, ಕೊಟ್ಟದ್ದು ವೈನ್ ಬೋರ್ಡು.

ಜಿನ್‌ಫೆಂಡೆಲ್ ಈಗ ನಾಸಿಕ್‌ನ ತೋಟಗಳಲ್ಲೂ ಬೆಳೆಯುತ್ತದೆ. ರುಚಿಯ ಪಾಠಕ್ಕೆ ಹೋಗುವ ವಿದ್ಯಾರ್ಥಿ ಗೆಳೆಯರು ಅಲ್ಲಿನ ಮೇಷ್ಟ್ರನ್ನು ಒಂದು ಮಾತು ಕೇಳಿ: ಈ ಗೊಂಚಲು ಕುಯ್ದವರ ದಿನಗೂಲಿ ಎಷ್ಟು, ಕುಯ್ದ ದಿನ ಅವರಿಗೆ ನೆರಳಿತ್ತೇ?